ಒಂದೊಂದು ಕೈ

“ಬಿಡಬೇಡಿ ಅಂಕಲ್, ಹಿಡ್ಕಂಡೇ ಇರಿ,” ಎಂದಳು ಧನುಶ್ರೀ.

ಉದಯಕುಮಾರ್ ಬಲಗೈ ಹೆಬ್ಬೆರಳನ್ನು ಫೋನಿನ ಗಾಜಿಗೆ ಇನ್ನಷ್ಟು ಒತ್ತಿದ. ಅವನು ಬೆರಳೆತ್ತಿದರೆ ಪರದೆಯ ಮೇಲಿನ ಕಲ್ಲಿನ ಚಕ್ರ ಹಿಂದಕ್ಕೆ ಉರುಳುತ್ತಿತ್ತು, ಕೊಳದ ನೀರು ಸರ್ರನೆ ಏರುತ್ತಿತ್ತು, ದೀಪ ಹಿಡಿದ ಹುಡುಗಿ ಮುಳುಗಿಹೋಗುತ್ತಿದ್ದಳು. ಧನುಶ್ರೀ ತನ್ನ ಎಡಗೈ ಹೆಬ್ಬೆರಳಿನಿಂದ ಆ ಹುಡುಗಿಯನ್ನು ಒಂದೊಂದೇ ಮೆಟ್ಟಿಲು ಇಳಿಸುತ್ತಿದ್ದಳು. ಎರಡು ಮಂಚಗಳ ನಡುವೆ ಎಳೆದುಕೊಂಡಿದ್ದ ಸ್ಟೂಲಿನ ಮೇಲೆ, ಮಡಿಸಿಟ್ಟ ಟವೆಲ್ಲಿಗೆ ಒರಗಿ ಫೋನು ನಿಂತಿತ್ತು. ಉದಯಕುಮಾರನ ಎಡಗೈಗೆ ಎರಡು ಸೂಜಿ, ಧನುಶ್ರೀಯ ಬಲಗೈಗೆ ಎರಡು ಸೂಜಿ. ಚುಚ್ಚಿದ ಕೈಯನ್ನು ನಾಲ್ಕು ಗಂಟೆ ಕಾಲ ಇಬ್ಬರೂ ಅಲುಗಿಸುವ ಹಾಗಿರಲಿಲ್ಲ. ಆಟಕ್ಕೆ ಬೇಕಾದದ್ದು ಒಂದು ಎಡಗೈ, ಒಂದು ಬಲಗೈ. ಇಬ್ಬರೂ ಒಂದೊಂದು ಕೈ ಹಾಕಿದ್ದರು.

ನೀರು ಏರಿತು. ದೀಪ ಆರಿತು. ಪರದೆ ಕಪ್ಪಾಗಿ, ಏಳನೇ ಬಾಗಿಲಿನ ಮೊದಲ ಮೆಟ್ಟಿಲು ಮತ್ತೆ ಕಾಣಿಸಿಕೊಂಡಿತು.

“ಥೂ,” ಎಂದು ಧನುಶ್ರೀ ದಿಂಬಿಗೆ ತಲೆ ಚೆಲ್ಲಿದಳು.

ಅವಳಿಗೆ ಹದಿನೆಂಟು. ಗಂಡಸಿ ಊರಿನವಳು. ಎರಡನೇ ಪಿಯುಸಿ ಅರ್ಧದಲ್ಲಿರುವಾಗ ಮೂತ್ರಪಿಂಡ ಎರಡೂ ಕೈಕೊಟ್ಟು, ಕಾಲೇಜು ಅಲ್ಲಿಗೇ ನಿಂತಿತ್ತು. ಸೂಜಿ ಹಾಕಲೆಂದು ಮೊದಲು ಎಡಗೈಯಲ್ಲಿ ಮಾಡಿದ್ದ ಆಪರೇಷನ್ ಕೆಟ್ಟುಹೋದ್ದರಿಂದ ಈಗ ಬಲಗೈಗೇ ಸೂಜಿ. ಉದಯಕುಮಾರನಿಗೆ ನಲವತ್ತನಾಲ್ಕು. ಹಳೇಬೀಡಿನಲ್ಲಿ ನೀರು ಬಿಡುವ ಕೆಲಸ. ಯಾವ ಬೀದಿಗೆ ಯಾವ ವಾಲ್ವು, ಯಾವುದನ್ನು ಎಷ್ಟು ಸುತ್ತು ತಿರುಗಿಸಿದರೆ ಯಾರ ಮನೆ ನಲ್ಲಿ ಬರುತ್ತದೆ ಎಂಬುದೆಲ್ಲ ಅವನಿಗೆ ಕಣ್ಣುಮುಚ್ಚಿದರೂ ಗೊತ್ತು. ಬೇಲೂರಿನ ಕಡೆ ಸರದಿ ಸಿಗದೆ, ಮಂಗಳವಾರ, ಗುರುವಾರ, ಶನಿವಾರ ಜಾವಗಲ್ ಮೇಲಿನ ಬಸ್ಸು ಹಿಡಿದು ಡಯಾಲಿಸಿಸ್ಸಿಗೆ ಅರಸೀಕೆರೆಗೆ ಬರುತ್ತಿದ್ದ. ಮಿಕ್ಕ ದಿನ ಕೆಲಸ. ಊರಿಗೆಲ್ಲ ನೀರು ಬಿಡುವ ಅವನಿಗೆ ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಕುಡಿಯಲು ಅಪ್ಪಣೆಯಿರಲಿಲ್ಲ.

ಮೊದಲ ಎರಡು ತಿಂಗಳು ಅವರು ಮಾತಾಡಿರಲಿಲ್ಲ. ಅವಳು ಒಂದೇ ಕೈಯಲ್ಲಿ ಆಡುತ್ತ, ಸೋಲುತ್ತ, ಫೋನಿಗೆ ಬೈಯುತ್ತ ಇರುವುದನ್ನು ಅವನು ನೋಡುತ್ತಿದ್ದ. ಒಂದು ದಿನ ಅವಳೇ, ಕೊಂಚ ಸಂಕೋಚದಿಂದ, ಅಂಕಲ್ ಇಲ್ಲೊಂದು ಬೆರಳು ಇಡ್ತೀರಾ ಎಂದು ಕೇಳಿದಳು. ಅವನು ಇಟ್ಟ. ಅಂದಿನಿಂದ ನಾಲ್ಕು ಗಂಟೆ ಮೊದಲಿನಷ್ಟು ಉದ್ದವಿರಲಿಲ್ಲ. ಕೆರೆಯ ತಳದಲ್ಲಿ ಮುಳುಗಿಹೋದ ಒಂದು ಅರಮನೆ, ಅದಕ್ಕೆ ಹನ್ನೆರಡು ಬಾಗಿಲು, ಒಂದೊಂದು ಬಾಗಿಲಿಗೂ ಒಂದೊಂದು ಒಗಟು. ಅರಮನೆಯ ಕಂಬಗಳನ್ನು ನೋಡಿ ಉದಯಕುಮಾರ್ ಇವು ನಮ್ಮೂರ ದೇವಸ್ಥಾನದ ಕಂಬದ ಹಾಗೇ ಇವೆ ಎಂದಿದ್ದ. ತಾನು ಏಳನೇ ಕ್ಲಾಸಿನಲ್ಲಿ ಸ್ಕೂಲಿನ ಪ್ರವಾಸಕ್ಕೆ ಅಲ್ಲಿಗೆ ಬಂದಿದ್ದೆ, ಬಿಸಿಲಿಗೆ ಅಂಗಾಲು ಸುಟ್ಟದ್ದು ಬಿಟ್ಟರೆ ಬೇರೇನೂ ನೆನಪಿಲ್ಲ ಎಂದು ಅವಳು ಹೇಳಿದ್ದಳು.

ಆರು ಬಾಗಿಲು ಬೇಗ ಬೇಗ ತೆರೆದವು. ಏಳನೆಯದು ಮೂರು ವಾರದಿಂದ ಜಪ್ಪಯ್ಯ ಅನ್ನುತ್ತಿರಲಿಲ್ಲ. ಅಲ್ಲಿ ಒಂದರ ಕೆಳಗೊಂದು ಮೂರು ಕೊಳ, ನಾಲ್ಕು ಚಕ್ರ. ಚಕ್ರ ತಿರುಗಿಸಿದರೆ ನೀರು ಒಂದು ಕೊಳದಿಂದ ಇನ್ನೊಂದಕ್ಕೆ ಹರಿಯುತ್ತದೆ. ಕೆಳಗಿನ ಕೊಳದಲ್ಲಿ ಕಲ್ಲಿನದೊಂದು ತಾವರೆ ತೇಲುತ್ತಿರುತ್ತದೆ. ಕೊಳ ತುಂಬಿದರೆ ತಾವರೆ ಬಾಗಿಲಿನ ಎತ್ತರಕ್ಕೆ ಏರುತ್ತದೆ, ಹುಡುಗಿ ಅದರ ಮೇಲೆ ನಿಂತು ದಾಟಬೇಕು. ಆದರೆ ಕೆಳಗಿನ ಕೊಳ ಅರ್ಧಕ್ಕಿಂತ ಮೇಲೆ ತುಂಬುತ್ತಲೇ ಇರಲಿಲ್ಲ. ಹೆಚ್ಚಾದ ನೀರು ವಾಪಸು ನುಗ್ಗಿ ಅವಳನ್ನೇ ಮುಳುಗಿಸುತ್ತಿತ್ತು. ಯಾರಾದರೂ ಆಡಿ ತೋರಿಸಿದ ವಿಡಿಯೋ ಇರುತ್ತದಲ್ಲ, ನೋಡಬಾರದೇ ಎಂದು ಉದಯಕುಮಾರ್ ಒಮ್ಮೆ ಕೇಳಿದ್ದ. ಅವಳಿಗೆ ಸಿಟ್ಟೇ ಬಂದಿತ್ತು.

“ನೋಡ್ಕಂಡು ಆಡೋದಾದ್ರೆ ಯಾಕ್ ಆಡ್ಬೇಕು ಅಂಕಲ್? ಬೇರೆ ಎಲ್ಲಾನೂ ಡಾಕ್ಟ್ರು ಹೇಳ್ದಂಗೇ ಮಾಡ್ತಿದೀನಿ. ಇದೊಂದಾದ್ರೂ ನಾನೇ ಮಾಡ್ತೀನಿ.”

ಆ ಬುಧವಾರ ಉದಯಕುಮಾರ್ ಬಸ್ತಿಹಳ್ಳಿಯಲ್ಲಿದ್ದ. ಮೇಲಿನ ಬೀದಿಗೆ ಎರಡು ದಿನದಿಂದ ನೀರು ಹತ್ತಿರಲಿಲ್ಲ. ಟ್ಯಾಂಕು ತುಂಬಿತ್ತು, ವಾಲ್ವು ಪೂರ್ತಿ ತೆರೆದಿತ್ತು, ಪೈಪು ಎಲ್ಲೂ ಒಡೆದಿರಲಿಲ್ಲ. ಅವನು ಬೀದಿಯ ತುದಿಗೆ ಹೋಗಿ ಕೊನೆಯ ಪೈಪಿನ ಮುಚ್ಚಳವನ್ನು ಸ್ಪ್ಯಾನರಿನಿಂದ ಸಡಿಲ ಮಾಡಿದ. ಹಾವು ಬುಸುಗುಟ್ಟಿದ ಹಾಗೆ ಗಾಳಿ ಹೊರಬಂತು. ಕೆಮ್ಮಿದಂತೆ ಎರಡು ಬಾರಿ ಕೆಸರು ನೀರು ಉಗುಳಿ, ಆಮೇಲೆ ಧಾರೆ ಕಟ್ಟಿತು. ಪೈಪಿನಲ್ಲಿ ಗಾಳಿ ಹಿಡಿದರೆ ನೀರು ಮುಂದಕ್ಕೆ ಹೋಗುವುದಿಲ್ಲ. ಇಪ್ಪತ್ತು ವರ್ಷದಿಂದ ಅವನು ಮಾಡುತ್ತಿದ್ದ ಕೆಲಸವೇ ಅದು. ಆದರೂ ಒದ್ದೆ ಮಣ್ಣಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದವನು ಏಳುವುದನ್ನೇ ಮರೆತ. ಆಟದ ಕೆಳಗಿನ ಕೊಳದ ಚಾವಣಿಯಲ್ಲಿ, ಬಾಯಿ ಮುಚ್ಚಿಕೊಂಡ ಒಂದು ಕಲ್ಲಿನ ಮಕರವಿತ್ತು. ಅದನ್ನು ಬರೀ ಅಲಂಕಾರ ಎಂದುಕೊಂಡಿದ್ದರು.

ಮಕರದ ಬಾಯಿ ತೆರೆದರೆ ಒಳಗಿನ ಗಾಳಿ ಹೋಗಿ ಕೊಳ ತುಂಬುತ್ತದೆ ಎಂದು ಗುರುವಾರ ಸೂಜಿ ಹಾಕಿಸಿಕೊಂಡ ಮೇಲೆ ಹೇಳಿದ. ಧನುಶ್ರೀ ಮೊದಲು ನಂಬಲಿಲ್ಲ. ಆಟ ತಯಾರಿಸಿದವರಿಗೆ ಪೈಪಿನ ವಿಷಯ ಏನು ಗೊತ್ತು ಎಂದಳು. ಆದರೂ ಹುಡುಗಿಯನ್ನು ಗೋಡೆಯ ಅಂಚಿನಲ್ಲಿ ಹತ್ತಿಸಿ, ದೀಪದ ಕೋಲಿನಿಂದ ಮಕರದ ಬಾಯಿಗೆ ತಿವಿದಳು. ಮೂರು ಸಲ ತಿವಿದ ಮೇಲೆ ಕಲ್ಲಿನ ಬಿರಡೆ ಕಳಚಿ ಬಿತ್ತು. ಗುಳುಗುಳು ಸದ್ದು ಫೋನಿನಿಂದ ಕೇಳಿಸಿತು.

“ಚಕ್ರ ಹಿಡೀರಿ, ಚಕ್ರ ಹಿಡೀರಿ.”

ಹಿಡಿದ. ಕೊಳ ತುಂಬತೊಡಗಿತು. ಅರ್ಧ ದಾಟಿತು, ಮುಕ್ಕಾಲು ದಾಟಿತು. ತಾವರೆಯ ಮೇಲೆ ಹುಡುಗಿ ಒಂದು ಕಡೆ ವಾಲಿದಳು, ಮತ್ತೆ ನೆಟ್ಟಗಾದಳು. ಚಕ್ರ ಒತ್ತಿ ಹಿಡಿದ ಉದಯಕುಮಾರನ ಬೆರಳು ಬೆಳ್ಳಗಾಗಿತ್ತು. ಯಂತ್ರ ಕೂಗಿಕೊಂಡಿತು. ಟೆಕ್ನಿಷಿಯನ್ ಶಶಿಧರ್ ಬಂದು, ರಕ್ತದೊತ್ತಡ ಯಾಕೆ ಏರಿದೆ ಎಂದು ನೋಡಿ, ಇಬ್ಬರ ಮುಖವನ್ನೂ ನೋಡಿ, ಅಲ್ಲೇ ನಿಂತ. ಏಳನೇ ಬಾಗಿಲು ಕಲ್ಲು ಉಜ್ಜುವ ಸದ್ದಿನೊಂದಿಗೆ ತೆರೆಯಿತು. ಆಚೆಗೆ ಇನ್ನೊಂದು ಕತ್ತಲೆಯ ಓಣಿ, ಅದರ ತುದಿಯಲ್ಲಿ ಎಂಟನೇ ಬಾಗಿಲು. ಅಷ್ಟೆ.

ಧನುಶ್ರೀ ನಕ್ಕಳು. ಸದ್ದು ಮಾಡಿ ಅವಳು ನಕ್ಕದ್ದನ್ನು ಅವನು ಕೇಳಿದ್ದು ಅದೇ ಮೊದಲು. ಬಾಗಿಲ ಬಳಿ ಚಪ್ಪಲಿ ಕಾಯುತ್ತ ಕೂತಿದ್ದ ಅವಳ ತಾಯಿ ಗಿಡ್ಡಮ್ಮ ಗಾಬರಿಯಿಂದ ಎದ್ದು ಒಳಗೆ ಇಣುಕಿದಳು. ನಾರಿನ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿಕೊಂಡು, ವಾರಕ್ಕೆ ಮೂರು ದಿನ ರಜ ಹಾಕಿ ಮಗಳ ಹಿಂದೆ ಬರುತ್ತಿದ್ದ ಹೆಂಗಸು ಆಕೆ. ಗಂಡ ತೀರಿ ಹೋಗಿ ಬಹಳ ವರ್ಷವಾಗಿತ್ತು.

ಶನಿವಾರ ಉದಯಕುಮಾರ್ ಬಂದಾಗ ವರಾಂಡದಲ್ಲಿ ಜನ ತುಂಬಿದ್ದರು. ಡಯಾಲಿಸಿಸ್ಸಿಗೆ ಬೇಕಾದ ನೀರು ಶುದ್ಧ ಮಾಡುವ ಯಂತ್ರ ಬೆಳಿಗ್ಗೆಯೇ ಕೆಟ್ಟು, ಮೊದಲ ಸರದಿಯವರದೇ ಇನ್ನೂ ಮುಗಿದಿರಲಿಲ್ಲ. ಧನುಶ್ರೀ ಬೆಂಚಿನ ತುದಿಯಲ್ಲಿ ಜಾಗ ಬಿಟ್ಟುಕೊಟ್ಟಳು. ಮುಖ ಸ್ವಲ್ಪ ಊದಿತ್ತು. ಎಂಟನೇ ಬಾಗಿಲನ್ನು ಮನೆಯಲ್ಲಿ ಮುಟ್ಟಿಯೇ ಇಲ್ಲ, ನಿಮಗೆ ಅಂತ ಹಾಗೇ ಇಟ್ಟಿದ್ದೀನಿ ಎಂದಳು. ತಾಯಿ ಕೈತೊಳೆಯಲು ಎದ್ದು ಹೋದ ಮೇಲೆ ದನಿ ತಗ್ಗಿಸಿದಳು.

“ಅಂಕಲ್, ಒಂದು ತಪ್ಪು ಮಾಡಿದೀನಿ. ನೆನ್ನೆ ಒಂದು ಎಳನೀರು ಕುಡಿದ್ಬಿಟ್ಟೆ. ಇವತ್ತು ಬೆಳಿಗ್ಗೆ ಇನ್ನೊಂದು. ಒಳಗಿನ ಗಂಜೀನೂ ಬಿಡ್ಲಿಲ್ಲ.”

ಅವನು ತಲೆಯೆತ್ತಿ ಗೋಡೆ ನೋಡಿದ. ತಿನ್ನಬಾರದ್ದು, ಕುಡಿಯಬಾರದ್ದರ ಪಟ್ಟಿ ಅವರ ತಲೆಯ ಮೇಲೇ ಗೋಡೆಗೆ ಅಂಟಿಸಿತ್ತು. ಎಳನೀರು ಅದರಲ್ಲಿ ಎಲ್ಲಕ್ಕಿಂತ ಮೊದಲು, ಕೆಂಪು ಅಕ್ಷರದಲ್ಲಿ. ಅದರಲ್ಲಿರುವ ಪೊಟ್ಯಾಷಿಯಂ ರಕ್ತದಲ್ಲಿ ಉಳಿದುಬಿಟ್ಟರೆ ಎದೆಬಡಿತವೇ ನಿಂತುಹೋಗಬಹುದು ಎಂದು ಶಶಿಧರ್ ಅವರಿಗೆ ನೂರು ಸಲ ಹೇಳಿದ್ದ.

“ಯಾಕಮ್ಮ ಹಿಂಗ್ ಮಾಡ್ದೆ?”

“ಗಂಟ್ಲು ಒಣಗಿ ಒಣಗಿ ಸಾಕಾಯ್ತು. ಯಾರ್ಗೂ ಹೇಳ್ಬೇಡಿ. ಹೋದ್ಸಲ ಮಾವಿನಹಣ್ಣು ತಿಂದಿದ್ಕೆ ಶಶಿಧರ್ ಸಾರ್ ಎಲ್ಲಾರ್ ಮುಂದೇನೂ ಬೈದ್ರು.”

ಇವತ್ತು ಹೇಗೂ ಯಂತ್ರಕ್ಕೆ ಹಾಕುತ್ತಾರೆ, ಎಲ್ಲ ತೊಳೆದುಹೋಗುತ್ತದೆ, ಇನ್ನು ಮೇಲೆ ಮುಟ್ಟಬೇಡ ಎಂದು ಅವನು ಗದರಿದ. ಹೇಳುವುದಿಲ್ಲ ಎಂದು ಮಾತನ್ನೂ ಕೊಟ್ಟ. ಆ ಹೊತ್ತಿಗೆ ಅದು ದೊಡ್ಡ ಮಾತು ಅನ್ನಿಸಿರಲಿಲ್ಲ.

ಒಂದು ಗಂಟೆಗೆ ಶಶಿಧರ್ ಹೊರಗೆ ಬಂದ. ಬೆಳಗಿನಿಂದ ಕೂತಿರದ ಮನುಷ್ಯ, ಅಂಗಿಯೆಲ್ಲ ಒದ್ದೆ. ನೀರು ಸಾಲುತ್ತಿಲ್ಲ, ಇವತ್ತು ಇನ್ನೊಬ್ಬರಿಗೆ ಮಾತ್ರ ಆಗುತ್ತದೆ, ಉಳಿದವರಿಗೆ ನಾಳೆ ಭಾನುವಾರವಾದರೂ ಬೆಳಿಗ್ಗೆ ಏಳಕ್ಕೇ ಬಂದು ಹಾಕುತ್ತೇನೆ ಎಂದ. ಅಷ್ಟು ಹೊತ್ತಿಗೆ ಸರದಿಯಲ್ಲಿ ಉಳಿದದ್ದು ಅವರಿಬ್ಬರೇ. ಪುಸ್ತಕದಲ್ಲಿ ಧನುಶ್ರೀಯ ಹೆಸರು ಮೊದಲಿತ್ತು. ತೂಕದ ಚೀಟಿಯಲ್ಲಿ ಉದಯಕುಮಾರನಿಗೆ ಮೂರು ಕೆಜಿ ನೀರು ಏರಿತ್ತು, ಅವಳಿಗೆ ಒಂದೂವರೆ. ಶಶಿಧರ್ ಎರಡನ್ನೂ ನೋಡಿ ಹುಡುಗಿಯ ಕಡೆ ತಿರುಗಿದ.

“ಧನು, ಸರಿಯಾಗಿ ಹೇಳು. ಏನಾದ್ರೂ ತಿಂದಿದೀಯಾ? ಹಣ್ಣು, ಎಳನೀರು, ಏನಾದ್ರೂ?”

“ಇಲ್ಲ ಸಾರ್.”

ವಾಪಸು ಬಂದಿದ್ದ ಗಿಡ್ಡಮ್ಮ ಕಂಬಕ್ಕೆ ಒರಗಿ ನಿಂತಿದ್ದಳು. ಉದಯಕುಮಾರ್ ಬಾಯಿ ತೆರೆಯಬೇಕಾಗಿದ್ದ ಗಳಿಗೆ ಅದು. ಧನುಶ್ರೀ ಅವನನ್ನೇ ನೋಡುತ್ತಿದ್ದಳು, ಕಣ್ಣಿನಲ್ಲಿ ಬೇಡಿಕೆಯಿತ್ತು. ಕೊಟ್ಟ ಮಾತು ಅವನ ಬಾಯಿ ಕಟ್ಟಿತ್ತು ನಿಜ. ಆದರೆ ಅದೊಂದೇ ಅಲ್ಲ. ಕಳೆದ ದೀಪಾವಳಿಯಲ್ಲಿ ಒಂದು ಸರದಿ ತಪ್ಪಿಸಿಕೊಂಡಿದ್ದ ಅವನು, ಮಲಗಿದಲ್ಲೇ ಎದೆಯೊಳಗೆ ನೀರು ತುಂಬಿ, ಉಸಿರಿಗಾಗಿ ಹಾಸಿಗೆಯ ಅಂಚನ್ನು ಹರಿದುಹಾಕಿದ್ದ. ಹೆಂಡತಿ ಉಷಾರಾಣಿ ಕಿಟಕಿಗಳನ್ನೆಲ್ಲ ತೆರೆದು ಬೀಸಣಿಗೆ ಬೀಸುತ್ತ ಅಳುತ್ತಿದ್ದಳು. ಇವತ್ತೂ ಬಸ್ಸಿನಿಂದ ಇಳಿದು ಬರುವಾಗಲೇ ಎರಡು ಕಡೆ ನಿಂತು ಸುಧಾರಿಸಿಕೊಂಡಿದ್ದ. ಮತ್ತೆ ಆ ರಾತ್ರಿ ಬೇಡ ಎಂದು ಮೈಯ ಒಂದೊಂದು ಕೂದಲೂ ಹೇಳುತ್ತಿತ್ತು.

“ಅಂಕಲ್ ಹಾಕಿಸ್ಕಳ್ಳಿ ಸಾರ್,” ಎಂದಳು ಧನುಶ್ರೀ. “ಅವ್ರೂರು ದೂರ. ನಾವು ಬೆಳಿಗ್ಗೆ ಫಸ್ಟ್ ಬಸ್ಸಿಗೆ ಬತ್ತೀವಿ.”

ಶಶಿಧರ್ ಉದಯಕುಮಾರನ ಕಡೆ ನೋಡಿದ. ಉದಯಕುಮಾರ್ ಅಂಗಿಯ ತೋಳು ಮಡಿಸಿದ.

ಪಕ್ಕದ ಮಂಚ ನಾಲ್ಕು ಗಂಟೆಯೂ ಖಾಲಿಯಿತ್ತು. ಬಲಗೈಗೆ ಏನೂ ಕೆಲಸವಿರಲಿಲ್ಲ. ಶಶಿಧರ್ ಅರ್ಧ ಗಂಟೆಗೊಮ್ಮೆ ಬಂದು ಯಂತ್ರ ನೋಡಿ ಹೋಗುತ್ತಿದ್ದ. ಹುಡುಗಿಯ ತಾಯಿಯ ಫೋನ್ ನಂಬರು ಅವನ ಪುಸ್ತಕದಲ್ಲೇ ಇತ್ತು. ಈಗ ಹೇಳಿದರೂ ಆಗುತ್ತದೆ, ಕರೆಸುತ್ತಾರೆ, ಹಾಸನಕ್ಕಾದರೂ ಕಳಿಸುತ್ತಾರೆ ಎಂದು ಮೊದಲ ಗಂಟೆಯಲ್ಲಿ ಅಂದುಕೊಂಡ. ಎರಡನೇ ಗಂಟೆಯಲ್ಲಿ, ಈಗ ಹೇಳಿದರೆ ಆಗ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರಲ್ಲ ಎನ್ನಿಸಿತು. ಆಮೇಲೆ ಉಸಿರು ಹಗುರವಾಗುತ್ತ ಬಂತು. ಮೈಯಿಂದ ಮೂರು ಕೆಜಿ ಇಳಿಯುತ್ತಿದ್ದ ಹಾಗೆ ನಿದ್ದೆ ಬಂತು. ಎದ್ದಾಗ ಐದೂವರೆಯಾಗಿತ್ತು, ಬಸ್ಸಿಗೆ ಓಡಬೇಕಿತ್ತು.

ಮಂಗಳವಾರ ಆ ಮಂಚದ ಮೇಲೆ ಕಣಕಟ್ಟೆಯ ಕರಿಬಸವಯ್ಯ ಎಂಬ ಮುದುಕರು ಮಲಗಿದ್ದರು. ಹೊಸಬರು, ಸೂಜಿಗೆ ಹೆದರಿ ಕಣ್ಣು ಮುಚ್ಚಿಕೊಂಡಿದ್ದರು. ಉದಯಕುಮಾರ್ ಬಾಗಿಲಲ್ಲೇ ನಿಂತ. ಶಶಿಧರ್ ಅವನನ್ನು ಪಕ್ಕಕ್ಕೆ ಕರೆದು ಹೇಳಿದ. ಭಾನುವಾರ ಬೆಳಿಗ್ಗೆ ಹೆದ್ದಾರಿ ಕೂಡುವ ಗಂಡಸಿ ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದಾಗ, ಕಾಲು ಸೋಲ್ತಾ ಐತೆ ಎಂದು ಹುಡುಗಿ ಕೂತಳಂತೆ. ತಾಯಿಯ ತೊಡೆಯ ಮೇಲೆ ತಲೆಯಿಟ್ಟಳಂತೆ. ಬಸ್ಸು ಬಂದಾಗ ಎಬ್ಬಿಸಲು ನೋಡಿದರೆ ಎದ್ದಿಲ್ಲ.

“ಪೊಟ್ಯಾಷಿಯಂ ಏರಿರ್ಬೇಕು,” ಎಂದ ಶಶಿಧರ್. ಅವನ ಕಣ್ಣು ಕೆಂಪಾಗಿತ್ತು. “ಕೇಳ್ದೆ ನಾನು. ಇಲ್ಲ ಅಂದ್ಲು. ನಿಮ್ಗೇನಾದ್ರೂ ಹೇಳಿದ್ಲಾ ಸಾರ್?”

“ಇಲ್ಲ,” ಎಂದ ಉದಯಕುಮಾರ್.

ಅಂದು ನಾಲ್ಕು ಗಂಟೆ ಅವನು ಚಾವಣಿ ನೋಡುತ್ತ ಮಲಗಿದ. ಮನೆಯಲ್ಲಿ ಉಷಾರಾಣಿಗೆ, ಪಕ್ಕದ ಮಂಚದ ಹುಡುಗಿ ತೀರಿಕೊಂಡಳು ಎಂದಷ್ಟೇ ಹೇಳಿದ. ಬುಧವಾರ ಒಂದು ಬೀದಿಗೆ ನೀರು ಬಿಟ್ಟು ನಿಲ್ಲಿಸುವುದನ್ನು ಮರೆತು, ಚರಂಡಿಯೆಲ್ಲ ತುಂಬಿ ಹರಿದು, ಜನರಿಂದ ಬೈಸಿಕೊಂಡ. ಗುರುವಾರ ರಾತ್ರಿ ತಟ್ಟೆಯ ಮುಂದೆ ಸುಮ್ಮನೆ ಕೂತಿದ್ದವನನ್ನು ನೋಡಿ ಉಷಾರಾಣಿ, ಒಂದು ಸಲ ಅವರ ಮನೆಗೆ ಹೋಗಿಬನ್ನಿ ಎಂದಳು.

ಶುಕ್ರವಾರ ಹೋದ. ಹ್ಯಾಂಡ್‌ಪೋಸ್ಟಿನಲ್ಲಿ ಇಳಿದವನಿಗೆ ಬಸ್ ತಂಗುದಾಣದ ಸಿಮೆಂಟು ಬೆಂಚನ್ನು ನೋಡಲು ಧೈರ್ಯವಾಗಲಿಲ್ಲ. ಅಲ್ಲಿಂದ ಆಟೋ ಹತ್ತಿ ಊರು ಸೇರಿ, ವಿಚಾರಿಸಿಕೊಂಡು ಹೋದ. ಕೊನೆಯ ಸಾಲಿನ ಶೀಟಿನ ಮನೆ. ಅಂಗಳದಲ್ಲಿ ಚಾಪೆ ಹಾಸಿ ರಾಗಿ ಒಣಗಿಸಿದ್ದರು. ಗಿಡ್ಡಮ್ಮ ಜಗುಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಅವನನ್ನು ಕಂಡು ಸೆರಗು ಸರಿಮಾಡಿಕೊಂಡು, ಒಳಗಿಂದ ಪ್ಲಾಸ್ಟಿಕ್ ಕುರ್ಚಿ ತರಲು ಎದ್ದಳು. ಅವನು ಬೇಡವೆಂದು ಜಗುಲಿಯ ಮೇಲೇ ಕೂತ. ತೆರೆದ ಬಾಗಿಲಿನಿಂದ ಗೋಡೆಯ ಬುದ್ಧನ ಪಟ, ಅದರ ಪಕ್ಕದಲ್ಲಿ ಕಾಲೇಜಿನ ಗುರುತಿನ ಚೀಟಿಯಿಂದ ದೊಡ್ಡದು ಮಾಡಿಸಿದ ಧನುಶ್ರೀಯ ಫೋಟೋ ಕಾಣುತ್ತಿದ್ದವು.

ಮಾತನ್ನು ಗಿಡ್ಡಮ್ಮನೇ ಶುರು ಮಾಡಿದಳು. ಮಗಳು ಮನೆಯಲ್ಲಿ ಯಾವಾಗಲೂ ನಿಮ್ಮ ಮಾತೇ ಆಡುತ್ತಿದ್ದಳು ಎಂದಳು. ಗುರುವಾರ ಬಸ್ಸಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ಬಾಗಿಲು ತೆಗೆಯಿತು, ಬಾಗಿಲು ತೆಗೆಯಿತು ಎನ್ನುತ್ತಿದ್ದಳಂತೆ.

“ಅದೇನ್ ಬಾಗ್ಲಣ್ಣ? ನಂಗೆ ತಿಳೀಲೇ ಇಲ್ಲ. ಕೇಳಿದ್ರೆ ನಿಂಗೆ ಗೊತ್ತಾಗಲ್ಲ ಬಿಡವ್ವ ಅಂದ್ಲು.”

ಉದಯಕುಮಾರ್ ಹೇಳಿದ. ಕೆರೆಯ ತಳದ ಅರಮನೆ, ಒಂದರ ಕೆಳಗೊಂದು ಮೂರು ಕೊಳ, ತಿರುಗುವ ಚಕ್ರ, ಕಲ್ಲಿನ ತಾವರೆ. ತಾನು ಚಕ್ರ ಹಿಡಿದಿರುತ್ತಿದ್ದುದು, ಅವಳು ಆ ಹುಡುಗಿಯನ್ನು ನಡೆಸುತ್ತಿದ್ದುದು. ಕೆಳಗಿನ ಕೊಳ ತುಂಬದೆ ಮೂರು ವಾರ ಒದ್ದಾಡಿದ್ದು. ಕೈಯಿಂದ ಗಾಳಿಯಲ್ಲಿ ಗೆರೆ ಎಳೆದು ತೋರಿಸಿದ. ಮಕರದ ಬಾಯಿಗೆ ತಿವಿದದ್ದನ್ನು ಹೇಳುವಾಗ ಬೆರಳಿನಿಂದ ಮೂರು ಸಲ ಮೇಲಕ್ಕೆ ತಿವಿದ. ಗಿಡ್ಡಮ್ಮ ಒಂದು ಮಾತೂ ಬಿಡದೆ, ಸ್ಕೂಲಿನ ಮಗುವಿನ ಹಾಗೆ ಕೇಳಿಸಿಕೊಂಡಳು.

“ಅಷ್ಟೆಲ್ಲಾ ಮಾಡಿದ್ಲಾ,” ಎಂದಳು.

ಆಮೇಲೆ ರಾಗಿಯ ಕಡೆ ನೋಡುತ್ತಲೇ, ಬೇರೆ ದನಿಯಲ್ಲಿ ಹೇಳಿದಳು: “ಎಳ್ನೀರು ನಾನೇ ಕೆತ್ತಿ ಕೊಟ್ಟಿದ್ದು ಕಣಣ್ಣ. ಬಾಗ್ಲು ತೆಗುದ್ಲಲ್ಲ, ಖುಷೀಲಿದ್ಲು. ಒಂದೇ ಒಂದು ಕೊಡವ್ವ ಅಂತ ಕಾಲ್ ಹಿಡ್ಕಂಡ್ಲು. ಮಾರ್ನೆ ದಿನ ಬೆಳಿಗ್ಗೆ ಇನ್ನೊಂದು. ಹೆಂಗೂ ಮಿಷನ್ಗೆ ಹೋಗ್ತೀನಲ್ಲ ಅಂದ್ಲು. ನಿಮ್ಗೆ ಹೇಳಿದ್ಲಾ?”

ಇಲ್ಲ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಒಂದು ಸಲ ಆಡಿದ್ದ ಮಾತು, ಇನ್ನೊಂದು ಸಲ ಆಡಲು ಕಷ್ಟವಿರಲಿಲ್ಲ. ಗಿಡ್ಡಮ್ಮ ಅವನ ಕಡೆ ತಿರುಗಿರಲೂ ಇಲ್ಲ.

“ಹೇಳಿದ್ಲು,” ಎಂದ ಉದಯಕುಮಾರ್. “ಅಲ್ಲೇ, ಬೆಂಚಿನ ಮೇಲೆ. ನೀವು ಕೈತೊಳ್ಯೋಕೆ ಹೋಗಿದ್ರಿ.”

ಈಗ ಅವಳು ತಿರುಗಿದಳು. ಬೈಯುತ್ತಾಳೆ, ಎದ್ದು ಹೋಗು ಎನ್ನುತ್ತಾಳೆ ಎಂದು ಕಾದ. ಹಾಗೆ ಅಂದಿದ್ದರೆ ಅವನಿಗೆ ಏಳಲು ಸುಲಭವಾಗುತ್ತಿತ್ತು.

“ಮತ್ತೆ ಅವ್ರು ಕೇಳ್ದಾಗ ಯಾಕ್ ಸುಮ್ಕಿದ್ರಿ?”

“ಹೇಳ್ಬೇಡಿ ಅಂದಿದ್ಲು,” ಎಂದು ಶುರು ಮಾಡಿದವನು ನಿಲ್ಲಿಸಿದ. ಕಾಲಬೆರಳು ನೋಡಿಕೊಂಡ. “ನಂಗೆ ಭಯ ಆಗಿತ್ತು ಗಿಡ್ಡಮ್ಮ. ಆ ಸರದಿ ನಂಗೇ ಬೇಕಾಗಿತ್ತು.”

ಗಿಡ್ಡಮ್ಮ ತಲೆ ಅಲ್ಲಾಡಿಸಿದಳು. ಒಪ್ಪಿದ್ದೋ, ತಳ್ಳಿಹಾಕಿದ್ದೋ ಗೊತ್ತಾಗಲಿಲ್ಲ.

“ನಾನೂ ಅಲ್ಲೇ ನಿಂತಿದ್ನಲ್ಲ,” ಎಂದಳು ಬಹಳ ಮೆಲ್ಲಗೆ. “ಕಂಬುದ್ ತಾವ. ತಾಯಾಗಿ ಕೊಟ್ಟಿದೀಯಲ್ಲ ಅಂತ ಎಲ್ಲಾರ್ ಮುಂದೆ ಅಂತಾರೆ ಅಂತ, ನಾನೂ ಸುಮ್ಕೇ ನಿಂತಿದ್ದೆ.”

ರಸ್ತೆಯ ಕಡೆಯಿಂದ, ಊರೊಳಗೆ ಬಂದುಹೋಗುವ ಬಸ್ಸಿನ ಹಾರನ್ ಕೇಳಿಸಿತು. ಅವನು ಹಿಡಿಯಬೇಕಾಗಿದ್ದ ಬಸ್ಸು ಅದೇ ಇರಬೇಕು. ಅದು ನಿಂತು, ಮತ್ತೆ ಹೊರಟ ಸದ್ದು ಕೂಡ ಕೇಳಿಸಿತು. ಇಬ್ಬರೂ ಕೂತಲ್ಲಿಂದ ಏಳಲಿಲ್ಲ.

ಪಕ್ಕದ ಮನೆಯ ಸಂದಿಯಿಂದ ಒಂದು ಕೋಳಿ ಬಂತು. ಚಾಪೆಯ ಅಂಚಿನಲ್ಲಿ ನಿಂತು, ಕತ್ತು ಓರೆ ಮಾಡಿ ಜಗುಲಿಯ ಕಡೆ ನೋಡಿತು. ಯಾರೂ ಶೂ ಎನ್ನಲಿಲ್ಲ. ಅದು ಒಂದು ಕಾಲು ರಾಗಿಯ ಮೇಲಿಟ್ಟಿತು, ಕುಕ್ಕಿತು. ಅದರ ಹಿಂದೆ ಇನ್ನೊಂದು ಬಂತು, ಆಮೇಲೆ ಮರಿಗಳೂ ಬಂದವು. ಚಾಪೆಯ ನಡುವಿಗೆ ಹೋಗಿ, ಎರಡೂ ಕಾಲಲ್ಲಿ ಕೆದರಿ, ರಾಗಿಯನ್ನು ಮಣ್ಣಿಗೆಲ್ಲ ಎರಚಾಡುತ್ತ, ಅವು ತಿನ್ನತೊಡಗಿದವು.